ಬಾಯ್ಲರ್ ಸಾಹೇಬರ ಸೀಟಿ

ಎಲ್ಲಕ್ಕೂ ಮೂಲ ಕಿರುಬೆರಳಷ್ಟು ಉದ್ದದ ಒಂದು ಹಿತ್ತಾಳೆ ಸೀಟಿ. ಹಡಗಿಗೆ ಜೋಡಿಸುವ ಮುಂಚೆ, ನಿವೃತ್ತ ಬಾಯ್ಲರ್ ಇನ್‌ಸ್ಪೆಕ್ಟರು ಅದನ್ನು ಅಂಗಳದಲ್ಲಿ ನಿಂತು ಬಾಯಿಂದ ಒಂದೇ ಒಂದು ಸಲ ಊದಿ ನೋಡಿದರು. ತಪ್ಪೇ?

ಬೀದಿಯವರು ಈಗಲೂ ‘ಬಾಯ್ಲರ್ ಸಾಹೇಬರು’ ಎಂದೇ ಕರೆಯುವ ಈ ಮನುಷ್ಯ ನಾಲ್ಕು ವರ್ಷ ಊಟದ ಕೋಣೆಯನ್ನು ಆಕ್ರಮಿಸಿಕೊಂಡು ಏಳಡಿ ಉದ್ದದ ಉಗಿಹಡಗು ಕಟ್ಟಿದ್ದರು. ತಾಮ್ರದ ಬಾಯ್ಲರು, ಪಿಸ್ಟನ್ನು, ನೀರು ತಳ್ಳುವ ಎರಡು ಚಕ್ರ, ಎಲ್ಲವೂ ನಿಜವಾಗಿ ಕೆಲಸ ಮಾಡುವಂಥವು. ಹೆಂಡತಿ ಅಷ್ಟೂ ವರ್ಷ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದ್ದರು. ಮೂವತ್ತೆರಡು ವರ್ಷ ಕಂಡವರ ಬಾಯ್ಲರುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿದ್ದೇ ಬಂತು, ಒಂದರ ಸೀಟಿಯನ್ನೂ ಸಾಹೇಬರು ತಮ್ಮ ಕೈಯಾರೆ ಎಳೆದವರಲ್ಲ. ಇವತ್ತು ನಾಲ್ಕು ಗಂಟೆಗೆ ಪಾರ್ಕಿನ ಕೊಳದಲ್ಲಿ ಆ ಆಸೆ ತೀರಬೇಕಿತ್ತು.

ಸೀಟಿ ಕೇಳಿ ಪಕ್ಕದ ಮನೆಯ ಟೀಚರಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. ಈ ಆಟಿಕೆ ಸಿಡಿದರೆ ಯಾರು ಹೊಣೆ ಎಂದರು. ಇದು ಆಟಿಕೆಯಲ್ಲ ಎಂದು ಸಾಹೇಬರು ಕಾಲು ಗಂಟೆ ಜಗಳವಾಡಿದರು. ಸಿಡಿಯುವುದಿಲ್ಲವೆಂದು ಬರೆದುಕೊಡಲು ಹೊರಟರೆ, ರಿಟೈರಾದವರ ಸಹಿಗೆ ಏನು ಬೆಲೆ ಎಂದು ಕೇಳಿ ಆಕೆ ಸೀದಾ ಆಫೀಸಿಗೇ ಫೋನು ಮಾಡಿದರು. ಯಾವ ಆಫೀಸು? ಸಾಹೇಬರು ಮೂವತ್ತೆರಡು ವರ್ಷ ಆಳಿದ ಆಫೀಸು! ಹೊಟ್ಟೆ ಉರಿಯುವುದಿಲ್ಲವೇ ಹೇಳಿ.

ಹನ್ನೊಂದಕ್ಕೆ ಬಂದ ಇನ್‌ಸ್ಪೆಕ್ಟರ್ ಅವರದೇ ಶಿಷ್ಯ, ಕೈಹಿಡಿದು ಕಲಿಸಿದವನು. ಕಾಫಿ ಕುಡಿದ. ಬಾಯ್ಲರಿಗೆ ನೀರು ತುಂಬಿ, ಬೇಕಾದದ್ದರ ಎರಡರಷ್ಟು ಒತ್ತಡ ಹಾಕಿ ನೋಡಿದ. ಒಂದು ಹನಿ ಸೋರಲಿಲ್ಲ. ಸಾಹೇಬರು ಮೀಸೆ ತಿರುವಿದರು. ಅಷ್ಟರಲ್ಲಿ ಅವನು ಫಾರಂ ಬಿಚ್ಚಿ, ಇದನ್ನು ನಡೆಸುವವರು ಯಾರು, ಅವರ ಸರ್ಟಿಫಿಕೇಟ್ ಎಲ್ಲಿ ಎಂದ.

“ನಾನೇ ಕಣಯ್ಯಾ. ಈ ಊರಿಗೆಲ್ಲ ಸರ್ಟಿಫಿಕೇಟ್ ಕೊಟ್ಟೋನು ನಾನು.”

“ಕೊಟ್ಟಿದ್ದೀರಿ ಸಾರ್. ತಗೊಂಡಿಲ್ವಲ್ಲ.”

ಸಾಹೇಬರಿಗೆ ಮೈಯೆಲ್ಲ ಉರಿಯಿತು. ಇದೊಂದು ಆಟಿಕೆಯಪ್ಪಾ ಎಂದುಬಿಟ್ಟರು. ಶಿಷ್ಯ ವಿನಯದಿಂದ ಹಳೆಯ ಸುತ್ತೋಲೆಯೊಂದನ್ನು ತೆಗೆದ. ‘ಬಾಯ್ಲರು ಚೊಂಬಿನಷ್ಟಿದ್ದರೂ ವಿನಾಯಿತಿ ಇಲ್ಲ. ಸರ್ಟಿಫಿಕೇಟ್ ಇಲ್ಲದವರು ಇಪ್ಪತ್ತಡಿ ದೂರದಲ್ಲಿ, ಹಗ್ಗದ ಆಚೆ ನಿಲ್ಲತಕ್ಕದ್ದು.’ ಕೆಳಗೆ ಸಾಹೇಬರದೇ ಸಹಿ, ಎರಡು ಗೆರೆ ಎಳೆದದ್ದು.

“ಮೂಲೆ ಲಾಂಡ್ರಿಯವನ ಹತ್ರ ಸರ್ಟಿಫಿಕೇಟ್ ಇದೆಯಲ್ಲಾ ರೀ,” ಎಂದರು ಹೆಂಡತಿ. ಊಟದ ಕೋಣೆ ಇವತ್ತಾದರೂ ಖಾಲಿಯಾಗಬೇಕಿತ್ತು ಅವರಿಗೆ.

ಲಾಂಡ್ರಿಯ ಬಾಯ್ಲರು ನಡೆಸುವ ಆ ಮನುಷ್ಯನನ್ನು ಸಾಹೇಬರು ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲು ಮಾಡಿ ಐದನೆಯ ಸಲ ಪಾಸು ಮಾಡಿದ್ದರು. ದ್ವೇಷವೇನೂ ಇರಲಿಲ್ಲ. ಬಂದವರನ್ನೆಲ್ಲ ಸುಲಭಕ್ಕೆ ಪಾಸು ಮಾಡಿದರೆ ಹುದ್ದೆಗೇನು ಮರ್ಯಾದೆ? ಅದಕ್ಕೇ “ಓದ್ಕೊಂಡು ಬಾ” ಎಂದು ಕಳಿಸುವುದು ಅವರ ರೂಢಿ. ಈಗ ಇಸ್ತ್ರಿ ಬಟ್ಟೆಗೆ ಬಂದ ಗಿರಾಕಿಗಳ ಸಾಲಿನಲ್ಲಿ ಅವರೇ ಕೈಕಟ್ಟಿ ನಿಂತರು. ಲಾಂಡ್ರಿಯವನು ಹಂಗಿಸಲಿಲ್ಲ. ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನು ಫ್ರೇಮು ಸಮೇತ ಇಳಿಸಿಕೊಂಡು, ಗರಿಗರಿ ಅಂಗಿ ಹಾಕಿಕೊಂಡು ಹೊರಟ.

ನಾಲ್ಕು ಗಂಟೆಗೆ ಕೊಳದ ದಂಡೆಗೆ ಬೀದಿಗೆ ಬೀದಿಯೇ ಬಂದಿತ್ತು. ಶಿಷ್ಯ ಇಪ್ಪತ್ತಡಿ ಅಳೆದು ಹಗ್ಗ ಕಟ್ಟಿದ. ಹಗ್ಗದ ಆಚೆ ಹೆಂಡತಿ, ಟೀಚರಮ್ಮ, ಇಬ್ಬರ ನಡುವೆ ಸಾಹೇಬರು. ನಾಲ್ಕು ವರ್ಷ ಬೆವರು ಸುರಿಸಿದವರು ಇವರು, ಬೆಂಕಿ ಹಚ್ಚುವವನು ಅವನು! ಎಲ್ಲಾದರೂ ಉಂಟೇ ಇಂಥ ಅನ್ಯಾಯ? ಉಗಿ ಏರಿತು, ಚಕ್ರ ಅಲುಗಿತು, ಲಾಂಡ್ರಿಯವನ ಕೈ ಸೀಟಿಯ ದಾರಕ್ಕೆ ಹೋಯಿತು. ಸಾಹೇಬರಿಗೆ ತಡೆಯಲಾಗಲಿಲ್ಲ. ಸೀಟಿಯನ್ನಾದರೂ ನಾನು ಎಳೆಯುತ್ತೇನೆ, ದಮ್ಮಯ್ಯ ಎಂದು ಎಲ್ಲರೆದುರೇ ಅಂಗಲಾಚಿದರು.

ಶಿಷ್ಯನಿಗೂ ಅಯ್ಯೋ ಅನ್ನಿಸಿತು. ಸರ್ಟಿಫಿಕೇಟ್ ಇರುವವರು ಒಂದು ಪ್ರಶ್ನೆ ಕೇಳಲಿ, ಅವರು ಒಪ್ಪಿದರೆ ಎರಡು ನಿಮಿಷ ಒಳಗೆ ಬಿಡುತ್ತೇನೆ ಎಂದ.

ಲಾಂಡ್ರಿಯವನು ಸ್ವಲ್ಪ ಯೋಚಿಸಿದ. “ಬಾಯ್ಲರಿನ ನೀರಿನ ಮಟ್ಟ ತೋರ್ಸೋ ಗಾಜಿನ ಕೊಳವೇಲಿ ನೀರೇ ಕಾಣ್ತಿಲ್ಲ ಅಂದ್ಕೊಳ್ಳಿ. ಮೊದಲು ಏನು ಮಾಡ್ತೀರಿ ಸಾಹೇಬ್ರೇ?”

“ಬೆಂಕಿ ತೆಗೀತೀನಿ. ತಣ್ಣೀರು ಮಾತ್ರ ಹಾಕಲ್ಲ.” ಇದೂ ಒಂದು ಪ್ರಶ್ನೆಯೇ! ಸಾಹೇಬರು ಆಗಲೇ ಹಗ್ಗ ದಾಟಲು ಒಂದು ಕಾಲೆತ್ತಿದ್ದರು.

“ನಾನೂ ನಾಲ್ಕು ಸಲ ಇದನ್ನೇ ಹೇಳಿದ್ದೆ,” ಎಂದ ಲಾಂಡ್ರಿಯವನು. “ಓದ್ಕೊಂಡು ಬನ್ನಿ.”

ಆಮೇಲೆ ದಾರ ಎಳೆದ. ಸೀಟಿ ಬಹಳ ಚೆನ್ನಾಗಿ ಕೂಗಿತು. ಟೀಚರಮ್ಮ ಕೂಡ ಚಪ್ಪಾಳೆ ತಟ್ಟಿದರು.