ತೊಲ್ಗನಾಯಳ ಹಾಲು ಬಂದ್

"ಡಾಕ್ಟರು ಹ್ಞೂಂ ಅನ್ನೋ ತನಕ ನನ್ನ ಹಾಲಿನ ಒಂದು ಹನಿಯೂ ಮಗೂ ಬಾಯಿಗೆ ಬೀಳಕೂಡದು!"

ಅಲ್ಮಾಟಿಯ ಪುಟ್ಟ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತು ತೊಲ್ಗನಾಯ್ ಘೋರ ಪ್ರತಿಜ್ಞೆ ಮಾಡಿದಳು.

ಹೆರಿಗೆಯಾದ ಮೇಲೆ ಕೂದಲೆಲ್ಲ ಬಾಚಣಿಗೆಯ ಪಾಲಾಗಿತ್ತು. "ಕೊಲಾಜನ್ ಕುಡಿ, ಕುದುರೆಬಾಲದಂಥ ಕೂದಲು ಬರುತ್ತೆ" ಎಂದಿದ್ದಳು ಗೆಳತಿ. ಪುಡಿ ತಂದಳು, ಚಹಾಕ್ಕೆ ಕದಡಿ ಕುಡಿದಳು. ಡಬ್ಬಿಯ ಹಿಂಬದಿ ಓದಿದ್ದು ಮಾತ್ರ ಆಮೇಲೆ: 'ಗರ್ಭಿಣಿಯರು, ಹಾಲೂಡಿಸುವವರು ವೈದ್ಯರನ್ನು ಕೇಳಿ.' ಕೇಳೋಣವೆಂದರೆ ವೈದ್ಯೆ ಫೋನೇ ಎತ್ತಲೊಲ್ಲಳು!

"ಒಂದು ಚಮಚ ಪುಡಿ ಕಣೇ, ಪಾಷಾಣ ಅಲ್ಲ" ಎಂದ ಗಂಡ ಯೆರ್ಕೆನ್.

"ನಿಂಗೇನು ಗೊತ್ತು? ಹಾಲು ನಿಂದಾ?"

ಕೂಸು ದೌರೆನ್ ಬಾಟಲಿಯ ಹಾಲನ್ನು ಅಪ್ಪನ ಅಂಗಿಗೇ ಉಗಿದ. ಅವನ ಅಳು ಕೆಳಗಿನ ಬಸ್ ನಿಲ್ದಾಣ ಮುಟ್ಟಿತು.

ಅತ್ತೆ ಕುಲ್ಯಾಶ್ ಓಡಿಬಂದರು. "ಅಯ್ಯೋ, ಸೊಸೆ ಹಾಲು ಬತ್ತಿಹೋಯ್ತಲ್ಲಪ್ಪಾ! ಯೆರ್ಕೆನ್, ಓಡು, ಕುರಿ ಮಾಂಸ ತಾ! ಮೂಳೆ, ಬಾಲ ಎಲ್ಲಾ ಇರ್ಲಿ!"

ದೊಡ್ಡ ಪಾತ್ರೆ ಒಲೆಗೇರಿತು. ಬಾಣಂತಿಗೆ ಮೂಳೆಸಾರು. ತೊಲ್ಗನಾಯ್ ಕಣ್ಣೀರು ಬೆರೆಸಿಕೊಂಡೇ ಬಟ್ಟಲ ಮೇಲೆ ಬಟ್ಟಲು ಇಳಿಸಿದಳು. ಇದಾದರೂ ಶುದ್ಧ! ಡಬ್ಬಿಯಿಲ್ಲ, ಎಚ್ಚರಿಕೆಯಿಲ್ಲ! ಎದೆ ಬಿಗಿದು ಕಲ್ಲಾಯಿತು, ರವಿಕೆ ತೊಯ್ದು ತೊಪ್ಪೆಯಾಯಿತು, ಪ್ರತಿಜ್ಞೆ ಮಾತ್ರ ಅಲುಗಲಿಲ್ಲ.

ಕೊನೆಗೂ ವೈದ್ಯೆ ಫೋನಿಗೆ ಸಿಕ್ಕಳು.

"ಆ ಪುಡಿ ಯಾವುದರದ್ದು?"

"ದನದ ಮೂಳೆ, ಚರ್ಮ ಅಂತ ಬರೆದಿದೆ, ಡಾಕ್ಟ್ರೇ..." ಬಿಕ್ಕಿದಳು.

"ಈಗೇನು ಕುಡೀತಿದ್ದೀಯ?"

"ಕುರಿ ಮೂಳೆ ಸಾರು."

ಆ ಕಡೆಯಿಂದ ಒಂದು ನಿಟ್ಟುಸಿರು. "ಮೂಳೆ ಬೇಯ್ಸಿದ್ರೆ ಬರೋದೂ ಅದೇ ಕೊಲಾಜನ್ ತಾನೇ, ತಾಯೀ! ಡಬ್ಬೀಲಿ ಬೇರೇನು ಬೆರೆಸಿದಾರೋ, ನಾಳೆ ತಂದು ತೋರ್ಸು, ಅಲ್ಲೀತನಕ ಮುಟ್ಟಬೇಡ. ಈಗ ಮೊದ್ಲು ಹೋಗಿ ಮಗೂಗೆ ಹಾಲು ಕೊಡು!"

ಗುಂಡಿ ಬಿಚ್ಚುತ್ತಲೇ ಓಡಿದಳು. ಆದರೆ ಅಳುವೇ ಕೇಳುತ್ತಿಲ್ಲ!

ಅಜ್ಜಿಯ ಮಡಿಲಲ್ಲಿ ದೌರೆನ್ ಬಟ್ಟೆಯಲ್ಲಿ ಕಟ್ಟಿದ ಏನನ್ನೋ ಅರೆಗಣ್ಣು ಮುಚ್ಚಿ ಚೀಪುತ್ತಿದ್ದ. ಗಲ್ಲವೆಲ್ಲ ಜಿಡ್ಡು, ಫಳಫಳ.

"ಅಪಾ! ಏನಿದು?" ಎಂದು ಅತ್ತೆಯನ್ನು ಕೂಗಿದಳು.

"ಕುರಿಬಾಲದ ಕೊಬ್ಬು. ನಿನ್ ಗಂಡ ಇದನ್ನೇ ಚೀಪಿ ಬಾಗಿಲಷ್ಟೆತ್ತರ ಬೆಳೆದಿದ್ದು. ಯಾಕೆ, ಇದಕ್ಕೂ ಡಾಕ್ಟ್ರನ್ನ ಕೇಳ್ಬೇಕಾ?"

ತೊಲ್ಗನಾಯ್ ಪಕ್ಕದಲ್ಲೇ ಕುಳಿತಳು. ತುಂಬಿದ ಎದೆಯನ್ನು ಮಗನ ಬಾಯಿಗೊಡ್ಡಿ ಗೋಗರೆದಳು: "ಬಾ ಕಂದಾ, ತಪ್ಪಾಯ್ತು, ಕುಡಿಯೋ..."

ದೌರೆನ್ ಒಂದು ಕಣ್ಣು ತೆರೆದ. ಹೆತ್ತವಳನ್ನು ನಿಧಾನವಾಗಿ ಪರಿಶೀಲಿಸಿದ. ಮತ್ತೆ ಕುರಿಯ ಹಿಂಭಾಗದತ್ತಲೇ ಮುಖ ತಿರುಗಿಸಿದ!