ಮಿಂಚುಮಾಲೆಯ ಜಾತಕ

ಐವತ್ತು ದಾಟಿದ ಗಂಡಸು ಏನೇನನ್ನು ಬಿಡಬೇಕು ಎಂಬ ಪಟ್ಟಿ ಊರಿನಲ್ಲಿ ಎಲ್ಲರ ಹತ್ತಿರವೂ ಇರುತ್ತದೆ. ಡಾಕ್ಟರು ಉಪ್ಪು, ಸಕ್ಕರೆ ಬಿಡಿ ಅನ್ನುತ್ತಾರೆ. ಹೆಂಡತಿ ಸಿಟ್ಟು ಬಿಡಿ ಅನ್ನುತ್ತಾಳೆ. ಬೆಳಿಗ್ಗೆ ಜೊತೆಗೆ ವಾಕಿಂಗ್ ಬರುವ ಗೆಳೆಯರು ರಾಜಕೀಯ ಬಿಡು ಮಾರಾಯ ಅನ್ನುತ್ತಾರೆ. ಇವನ್ನೆಲ್ಲ ನಾನು ಅಷ್ಟಿಷ್ಟು ಬಿಟ್ಟಿದ್ದೇನೆ. ಆದರೆ ಯಾರ ಪಟ್ಟಿಯಲ್ಲೂ ಇಲ್ಲದ ಚಟವೊಂದು ನನ್ನಲ್ಲಿ ಹಾಗೆಯೇ ಉಳಿದುಕೊಂಡಿದೆ. ನಾನು ಶಿವಮೊಗ್ಗದ ದುರ್ಗಿಗುಡಿಯ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಹಣೆಯಲ್ಲಿ ಗಂಧ, ಕಂಕುಳಲ್ಲಿ ಶಬ್ದಮಂಜರಿ. ಮನೆಗೆ ಬಂದು ಕಾಲು ತೊಳೆದ ಮೇಲೆ ಮಾತ್ರ ನಾನು ಓದುವುದು ಕಾಮಿಕ್ಸು. ಅದೂ ಒಂದೇ ಕಾಮಿಕ್ಸು. ಗಗನಸಿಂಹ ಮತ್ತು ಮಿಂಚುಮಾಲೆಯರ ಸಾಹಸಗಳು, ಒಟ್ಟು ಎಂಬತ್ತನಾಲ್ಕು ಸಂಚಿಕೆ, ಒಂದೂ ಬಿಡದೆ.

ಗಗನಸಿಂಹ ಹಗಲು ಹೊತ್ತು ಹವಾಮಾನ ಇಲಾಖೆಯಲ್ಲಿ ಗುಮಾಸ್ತ. ಮಳೆ ಬರುತ್ತದೋ ಇಲ್ಲವೋ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾ ಕೂತಿರುತ್ತಾನೆ. ಊರಿಗೆ ಆಪತ್ತು ಬಂದರೆ ಪೆನ್ನು ಮುಚ್ಚಿ, ಹೆಡ್ ಕ್ಲಾರ್ಕಿಗೆ ಅರ್ಧ ದಿನದ ರಜೆ ಬರೆದುಕೊಟ್ಟು ಹಾರುತ್ತಾನೆ. ಮಿಂಚುಮಾಲೆ ಧೂಮಕೇತುವಿನ ಮೇಲೆ ಹುಟ್ಟಿ ಭೂಮಿಗೆ ಬಿದ್ದವಳು. ಚಿಟಿಕೆ ಹೊಡೆದರೆ ಸಿಡಿಲು. ಅವನು ಅವಳನ್ನು ಕಾಪಾಡಿದಷ್ಟೇ ಸಲ ಅವಳು ಅವನನ್ನು ಕಾಪಾಡುತ್ತಾಳೆ. ಆಕಾಶದಲ್ಲಿ ನಿಂತೇ ಜಗಳವಾಡುತ್ತಾರೆ. ನಾನು ಲೆಕ್ಕ ಇಟ್ಟಿದ್ದೇನೆ, ಎಂಬತ್ತನಾಲ್ಕರಲ್ಲಿ ಅರವತ್ತೊಂದು ಸಂಚಿಕೆಯಲ್ಲಿ ಜಗಳವಿದೆ. ಆದರೆ ಪ್ರತಿ ಕಥೆಯ ಕೊನೆಯ ಚಿತ್ರ ಮಾತ್ರ ಒಂದೇ. ಊರಿನ ನೀರಿನ ಟ್ಯಾಂಕಿನ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿರುತ್ತಾರೆ. ಹನ್ನೊಂದನೇ ವಯಸ್ಸಿನಲ್ಲಿ ಆ ಚಿತ್ರ ನೋಡಿ ನನಗೆ ಎದೆಯಲ್ಲಿ ಏನೋ ಆಗಿತ್ತು. ಈಗಲೂ ಆಗುತ್ತದೆ, ಸುಳ್ಳೇಕೆ ಹೇಳಲಿ.

ಕಷ್ಟ ಏನೆಂದರೆ, ಅವರಿಗೆ ಮದುವೆಯಾಗುವ ಮೊದಲೇ ಪ್ರಕಾಶಕರು ಅಂಗಡಿ ಮುಚ್ಚಿದರು. ಇದು ನನ್ನನ್ನು ನಲವತ್ತು ವರ್ಷದಿಂದ ಕಾಡುತ್ತಿದೆ. ಬೇರೆ ಅಭಿಮಾನಿಗಳಾಗಿದ್ದರೆ ಚಿತ್ರ ಬರೆಯುತ್ತಿದ್ದರೋ, ಕಥೆ ಮುಂದುವರಿಸುತ್ತಿದ್ದರೋ ಗೊತ್ತಿಲ್ಲ. ನಾನು ಹುಟ್ಟಿದ್ದು ಜೋಯಿಸರ ಮನೆಯಲ್ಲಿ. ಅಪ್ಪ ಅರ್ಧ ಶಿವಮೊಗ್ಗಕ್ಕೆ ಜಾತಕ ನೋಡಿದವರು. ಆದ್ದರಿಂದ ನಾನು ಮಾಡಿದ್ದು, ಇಬ್ಬರ ಜಾತಕ ಬರೆದು ಕೂಡಿಸಿ ನೋಡಿದ್ದು.

ಹುಡುಗಾಟವಲ್ಲ, ಶಾಸ್ತ್ರೋಕ್ತವಾಗಿ. ಹನ್ನೆರಡನೇ ಸಂಚಿಕೆಯಲ್ಲಿ ಖಳನಾಯಕ ಗಗನಸಿಂಹ ಹುಟ್ಟಿದ ಗಳಿಗೆಗೇ ಸರಿಯಾಗಿ ಸಿಡಿಯುವಂತೆ ಬಾಂಬ್ ಇಟ್ಟಿದ್ದನಾದ್ದರಿಂದ ತಾರೀಕು, ಗಂಟೆ, ನಿಮಿಷ ಎಲ್ಲ ಸಿಕ್ಕಿತು. ರೋಹಿಣಿ ನಕ್ಷತ್ರ. ಮೂವತ್ತೊಂದನೇ ಸಂಚಿಕೆಯಲ್ಲಿ ಧೂಮಕೇತು ಬಿದ್ದಾಗ ನಿಂತುಹೋದ ಗಡಿಯಾರದ ಚಿತ್ರವಿತ್ತು, ಕೆಳಗೆ ತಾರೀಕೂ ಇತ್ತು. ಮಿಂಚುಮಾಲೆ ಬಿದ್ದ ಗಳಿಗೆಯನ್ನೇ ಹುಟ್ಟಿದ ಗಳಿಗೆಯೆಂದು ಹಿಡಿದೆ. ಧೂಮಕೇತುವಿನ ಅಕ್ಷಾಂಶ ರೇಖಾಂಶ ಸಿಗದೆ ಶಿವಮೊಗ್ಗದ್ದನ್ನೇ ಹಾಕಿಕೊಂಡೆ. ವಿಶಾಖಾ ನಾಲ್ಕನೇ ಪಾದ ಬಂತು. ಹುಡುಗ ಹುಡುಗಿಯ ಹೊಂದಾಣಿಕೆಗೆ ಒಟ್ಟು ಮೂವತ್ತಾರು ಗುಣ. ಹದಿನೆಂಟಕ್ಕಿಂತ ಕಡಿಮೆ ಬಂದರೆ ಹಿರಿಯರು ತಲೆ ಅಲ್ಲಾಡಿಸುತ್ತಾರೆ. ನನ್ನ ಜೋಡಿಗೆ ಬಂದದ್ದು ಹದಿನಾಲ್ಕೂವರೆ. ಮೂರು ಸಲ ಕೂಡಿದೆ. ಹದಿನಾಲ್ಕೂವರೆಯೇ. ಆ ದಿನ ನನಗೆ ಊಟ ಸೇರಲಿಲ್ಲ. ಕೊನೆಗೆ, ಬೀಳುವ ಧೂಮಕೇತುವಿನ ಎದುರು ಗಡಿಯಾರವೇನು ಹರಿಶ್ಚಂದ್ರನ ಮೊಮ್ಮಗನೇ ಎಂದು ಸಮಾಧಾನ ಹೇಳಿಕೊಂಡು, ಹುಟ್ಟಿದ ಸಮಯವನ್ನು ಕೆಲವೇ ನಿಮಿಷ ಮುಂದೂಡಿದೆ. ಮಿಂಚುಮಾಲೆ ಅನೂರಾಧಾ ನಕ್ಷತ್ರಕ್ಕೆ ದಾಟಿದಳು, ಗುಣ ಇಪ್ಪತ್ತೆಂಟೂವರೆಗೆ ಏರಿತು. ಸಂತೋಷದಿಂದ ಒಂದು ಚೀಟಿಯಲ್ಲಿ, ನಮ್ಮ ಮನೆಯ ಪದ್ಧತಿಯಂತೆ ಬರೀ 'ಕನ್ಯೆ' ಎಂದು ಹಾಕಿ, ಅವಳ ಕುಂಡಲಿಯನ್ನು ಅಚ್ಚುಕಟ್ಟಾಗಿ ಬರೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಅಪ್ಪನ ಹಳೇ ಪಂಚಾಂಗದೊಳಗೆ ಇಟ್ಟೆ.

ಹೆಂಡತಿ ಜಯಂತಿ ಇದನ್ನೆಲ್ಲ ನೋಡಿ ನಗುವುದೂ ಇಲ್ಲ, ಬೈಯುವುದೂ ಇಲ್ಲ. "ಸದ್ಯ, ಇಸ್ಪೀಟಲ್ಲ" ಅನ್ನುತ್ತಾಳೆ. ನಮ್ಮದು ಮೂವತ್ತು ಗುಣ ಕೂಡಿದ ಜೋಡಿ. ಅಪ್ಪನೇ ಕೈಯಾರೆ ಕೂಡಿಸಿ ನೋಡಿದ್ದು. ಇಪ್ಪತ್ತೆಂಟು ವರ್ಷದಲ್ಲಿ ಮನೆಯಲ್ಲಿ ಮಾತು ಮೀರಿದಾಗಲೆಲ್ಲ ನಾನು, "ಮೂವತ್ತು ಗುಣ ಇದೆ ಕಣೇ, ಇದೆಲ್ಲ ತಾನಾಗೇ ಸರಿಹೋಗತ್ತೆ" ಎಂದು ಹೇಳಿ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದೆ. ಆಶ್ಚರ್ಯವೆಂದರೆ ಸರಿಹೋಗುತ್ತಲೂ ಇತ್ತು.

ಇನ್ನು ನಮ್ಮ ಮಗಳು ಪಲ್ಲವಿಯ ವಿಷಯ. ಅವಳು ಇಲ್ಲೇ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟು. ಭದ್ರಾವತಿಯ ನ್ಯೂ ಟೌನಿನಿಂದ ಒಬ್ಬರು, ಕಾರ್ಖಾನೆಯಿಂದ ನಿವೃತ್ತರಾದವರು, ಭುಜದ ನೋವಿಗೆಂದು ಬರುತ್ತಿದ್ದರು. ಜೊತೆಗೆ ಅವರ ಮಗ ವಿನಯ, ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಅಪ್ಪನ ಭುಜ ಸರಿಹೋದ ಮೇಲೂ ಮಗ ಬರುವುದು ನಿಲ್ಲಲಿಲ್ಲ. ಹುಡುಗ ಹುಡುಗಿ ಒಪ್ಪಿದರು, ಹುಡುಗನ ಅಪ್ಪ ಒಪ್ಪಿದರು. ಹುಡುಗನ ತಾಯಿ ಸರೋಜಮ್ಮ ಮಾತ್ರ, "ಎಲ್ಲ ಸರಿ, ಜಾತಕ ಕೂಡಿದ್ರೆ ಮುಂದಿನ ಮಾತು" ಅಂದರು. ನಮ್ಮ ಮನೆಯ ಪದ್ಧತಿ ಒಂದಿದೆ. ಮಾತು ಗಟ್ಟಿಯಾಗುವ ತನಕ ಹುಡುಗಿಯ ಹೆಸರು ಊರೂರು ಸುತ್ತಬಾರದೆಂದು ಜಾತಕದ ಚೀಟಿಯಲ್ಲಿ ಹೆಸರು, ತಾರೀಕು ಬರೆಯುವುದಿಲ್ಲ. 'ಕನ್ಯೆ' ಎಂದು ಬರೆದು ನಕ್ಷತ್ರ, ರಾಶಿ, ಕುಂಡಲಿ ಕೊಡುತ್ತೇವೆ, ಅಷ್ಟೆ. ಪಲ್ಲವಿಯದೂ ಹಾಗೊಂದು ಚೀಟಿ ಬರೆದು, ಅರಿಶಿನ ಹಚ್ಚಿ, ಪಂಚಾಂಗದೊಳಗೆ ಇಟ್ಟೆ. ವಿನಯ ಬಂದು ಕೇಳಿದಾಗ ಕನ್ನಡಕ ಸ್ಕೂಲಿನಲ್ಲೇ ಮರೆತು ಬಂದಿದ್ದೆ. ಅರಿಶಿನ ಕಂಡ ಚೀಟಿಯನ್ನು ಎಳೆದುಕೊಟ್ಟೆ.

ನಾಲ್ಕೇ ದಿನಕ್ಕೆ ಸರೋಜಮ್ಮನ ಫೋನು. ಸ್ಪೀಕರಿನಲ್ಲಿತ್ತು. "ಇಪ್ಪತ್ತೆಂಟೂವರೆ ಗುಣ ಮೇಷ್ಟ್ರೇ! ಇಷ್ಟು ಒಳ್ಳೇ ಜಾತಕ ನೋಡಿಲ್ಲ ಅಂದ್ರು ನಮ್ಮ ಜೋಯಿಸ್ರು. ನಮ್ಮ ಹುಡುಗಂದು ರೋಹಿಣಿ, ನಿಮ್ಮ ಹುಡುಗೀದು ಅನೂರಾಧಾ. ಹೇಳಿ ಮಾಡಿಸ್ದಂಗಿದೆ!"

ಹೇಳಿ ಮಾಡಿಸಿದ್ದೇ ಹೌದು, ಮಾಡಿಸಿದವನು ನಾನೇ. ಫೋನಿಟ್ಟ ಮೇಲೆ ಪಲ್ಲವಿ ಕೇಳಿದಳು, "ಅಪ್ಪಾ, ನಂದು ಪೂರ್ವಾಷಾಢಾ ಅಲ್ವಾ?" ನಾನು ಪಂಚಾಂಗ ಬಿಡಿಸಿದೆ. ಒಳಗಿದ್ದದ್ದು ಪಲ್ಲವಿಯ ಚೀಟಿ. ಆಗಲೇ ಕೂತು ಪಲ್ಲವಿಗೂ ವಿನಯನಿಗೂ ಕೂಡಿಸಿ ನೋಡಿದೆ. ಹದಿನೇಳೂವರೆ. ಅರ್ಧ ಗುಣಕ್ಕೆ ಫೇಲು.

"ಈಗ ಏನ್ಮಾಡೋದು?" ಅಂದೆ.

ಜಯಂತಿ ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಏನೂ ಮಾಡ್ಬೇಡಿ. ಸುಮ್ನಿದ್ಬಿಡಿ. ಏನೂ ಆಗಲ್ಲ."

"ಏನೂ ಆಗಲ್ಲ ಅಂತ ಹೆಂಗೆ ಹೇಳ್ತೀಯ ಮಾರಾಯ್ತಿ?"

"ನಂಗೊತ್ತು," ಅಂದಳು.

ಸುಮ್ಮನಿರಲು ನನಗೂ ಆಸೆಯಾಯಿತೆಂದು ಒಪ್ಪಿಕೊಳ್ಳಬೇಕು. ಪಲ್ಲವಿ ಮಾತ್ರ ಒಪ್ಪಲಿಲ್ಲ. "ನಾನು ಮಿಂಚುಮಾಲೆ ಜಾತಕದಲ್ಲಿ ಮದುವೆಯಾಗಿ ಆ ಮನೆಗೆ ಹೋಗಲ್ಲ. ಆಮೇಲೆ ಅವ್ರಿಗೆ ಒಂದು ಶೀತ ಆದ್ರೂ ನಂಗೆ ಹೆದ್ರಿಕೆ ಆಗತ್ತೆ. ಹೋಗಿ ಹೇಳಪ್ಪ."

"ಅವ್ರು ಬೇಡ ಅಂದ್ಬಿಟ್ರೆ?"

ಅವಳು ಕಿಟಕಿಯ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಹುಡುಗನನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಾಳೆಂದು ನನಗೆ ಆಗ ಗೊತ್ತಾಯಿತು. ಎಂಬತ್ತನಾಲ್ಕು ಸಂಚಿಕೆಗಳನ್ನೂ ತುಂಗೆಗೆ ಹಾಕಿ ಬರಬೇಕು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಜಯಂತಿಯನ್ನು ಕರೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಪಲ್ಲವಿಯ ನಿಜವಾದ ಜಾತಕ, ಸಾಕ್ಷಿಗೆಂದು ಮೂವತ್ತೊಂದನೇ ಸಂಚಿಕೆ. ನ್ಯೂ ಟೌನಿನ ಅವರ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಸಿದ್ಧವಾಗಿತ್ತು. ತಿಂದ ಮೇಲೆ ಹೇಳಿದರೆ ಮೋಸವಾಗುತ್ತದೆಂದು ತಟ್ಟೆ ಮುಟ್ಟದೆ ಶುರುಮಾಡಿದೆ. ಹೆಡ್‌ಮಾಸ್ಟರ್ ಎದುರು ನಿಂತ ಎಂಟನೇ ಕ್ಲಾಸಿನವನಂತೆ ತೊದಲುತ್ತಾ ಧೂಮಕೇತು, ಗಡಿಯಾರ, ಅರಿಶಿನ, ಮರೆತ ಕನ್ನಡಕ ಎಲ್ಲವನ್ನೂ ಹೇಳಿ ಮುಗಿಸಿ ಪುಸ್ತಕವನ್ನು ಟೀಪಾಯಿಯ ಮೇಲಿಟ್ಟೆ. ಮುಖಪುಟದಲ್ಲಿ ಮಿಂಚುಮಾಲೆ ಕೆಂಪು ಮೇಲಂಗಿ ಹಾರಿಸಿಕೊಂಡು ರೈಲೊಂದನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದಿದ್ದಳು.

ಸರೋಜಮ್ಮ ಪುಸ್ತಕವನ್ನೇ ನೋಡುತ್ತಾ ಕೂತರು. "ಅಂದ್ರೆ ನಮ್ಮ ಜೋಯಿಸ್ರು ಇಪ್ಪತ್ತೆಂಟೂವರೆ ಕೊಟ್ಟಿದ್ದು ಇವ್ಳಿಗಾ?"

"ಹೌದಮ್ಮ. ಅವರು ನಕ್ಷತ್ರ ಮಾತ್ರ ನೋಡಿದಾರೆ. ಶನಿ, ಗುರು ಎಲ್ಲಿದಾರೆ ಅಂತ ನೋಡಿದ್ರೆ ಹುಡುಗಿಗೆ ಅರವತ್ತು ದಾಟಿದೆ ಅಂತ ಗೊತ್ತಾಗ್ತಿತ್ತು."

ಅವರ ಯಜಮಾನರು ನಕ್ಕರು. ಒಮ್ಮೆ ಶುರುವಾದ ನಗು ನಿಲ್ಲದೆ, ಭುಜ ಹಿಡಿದುಕೊಂಡು, "ಅಯ್ಯೋ, ಪಲ್ಲವಿನ್ನ ಕರೀರಿ, ಮತ್ತೆ ಹಿಡ್ಕೊಂಡ್ತು" ಅಂದರು. ಸರೋಜಮ್ಮ ನಗಲಿಲ್ಲ. "ನಿಮ್ಗೆ ನಗು. ಇಪ್ಪತ್ತೆಂಟೂವರೆ ಅಂತ ನಾನು ಕೊನೇ ಕ್ರಾಸಿನ ತನಕ ಹೇಳ್ಕೊಂಡು ಬಂದಿದೀನಿ!" ಎಂದು ಗಂಡನನ್ನು ಗದರಿ ನನ್ನ ಕಡೆ ತಿರುಗಿದರು. "ನಿಮ್ಮ ಹುಡುಗೀದು ನಿಜವಾಗ್ಲೂ ಎಷ್ಟು?"

"ಹದಿನೇಳೂವರೆ."

ಕೋಣೆಯ ಬಾಗಿಲ ಹತ್ತಿರ ನಿಂತಿದ್ದ ವಿನಯನ ಮುಖ ಬಿಳಿಚಿಕೊಂಡಿತು. ಇಪ್ಪತ್ತಾರು ವರ್ಷ ಸಾಕಿದ ಮಗಳ ಸುಖ ನನ್ನ ಹುಚ್ಚಾಟದಿಂದ ಹೀಗೆ ಟೀಪಾಯಿಯ ಮೇಲೆ ಬಿದ್ದಿದೆಯಲ್ಲಾ ಎಂದುಕೊಂಡು ಪುಸ್ತಕವನ್ನು ಬೋರಲು ಹಾಕಿದೆ.

"ಮೇಷ್ಟ್ರೇ," ಅಂದರು ಸರೋಜಮ್ಮ, "ನಿಮ್ಮ ಸ್ಕೂಲಲ್ಲಿ ಪಾಸಿಗೆ ಹದಿನೆಂಟು ಅಂತಿಟ್ಕೊಳ್ಳಿ. ಹದಿನೇಳೂವರೆ ಬಂದ ಹುಡುಗನ್ನ ಏನ್ಮಾಡ್ತೀರಿ?"

"ಹದಿನೆಂಟು ಮಾಡ್ತೀನಿ."

"ಮತ್ತೆ?" ಅಂದರು. "ಜಾತಕ ತಿದ್ದಿ ಕೊಡೋರನ್ನ ನಾನು ಬೇಕಾದಷ್ಟು ನೋಡಿದೀನಿ. ಮನೆಗೆ ಬಂದು ಕೂತ್ಕೊಂಡು, ತಪ್ಪು ಜಾತಕ ಕೊಟ್ಟೆ ಅಂತ ಹೇಳಿದೋರನ್ನ ನೋಡಿಲ್ಲ. ಅಂಥಾ ಮನೆ ಹುಡುಗಿ ನಮಗೆ ಬೇಕು. ಅರ್ಧ ಗುಣ ನಾನು ಹಾಕ್ತೀನಿ. ಉಪ್ಪಿಟ್ಟು ತಗೊಳ್ಳಿ, ಆರಿಹೋಯ್ತು. ಬೀದಿಯೋರಿಗೆ ಮಾತ್ರ ಇಪ್ಪತ್ತೆಂಟೂವರೇನೇ, ಗೊತ್ತಾಯ್ತಲ್ಲ?"

ಯಾಕೋ ಆ ಮಾತಿನ ನಡುವೆ ಜಯಂತಿಗೆ ಕೆಮ್ಮು ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ. ಹೊರಡುವಾಗ ವಿನಯ ಗೇಟಿನ ತನಕ ಬಂದು ಮೆಲ್ಲಗೆ, "ಸಾರ್, ಎಂಬತ್ನಾಲ್ಕೂ ಇದೆಯಾ? ಒಂದಿನ ಬಂದು ಓದ್ಬಹುದಾ?" ಅಂದ. ಅವನಿಗೆ ಆ ಕ್ಷಣ ನಾನು ಮೂವತ್ತಾರಕ್ಕೆ ಮೂವತ್ತಾರು ಕೊಟ್ಟೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಪಲ್ಲವಿಗೆ ಫೋನು ಮಾಡಿದೆವು. ಆ ಕಡೆಯಿಂದ ಮೊದಲು ಅಳು ಕೇಳಿಸಿತು, ಆಮೇಲೆ ನಗು. ನಾನು ಒಂದು ಪೊಟ್ಟಣ ಕಡಲೆಕಾಯಿ ತಂದೆ. ಸ್ಟಾಪಿನ ಪಕ್ಕದ ಕಟ್ಟೆ ಎತ್ತರವಾಗಿತ್ತು. ಇಬ್ಬರೂ ಕಾಲು ಇಳಿಬಿಟ್ಟು ಕೂತೆವು.

"ರೀ," ಅಂದಳು ಜಯಂತಿ, ಸಿಪ್ಪೆ ಬಿಡಿಸುತ್ತಾ. "ನಿಮ್ಮಪ್ಪಂಗೆ ಕೊಟ್ಟಿದ್ದ ನನ್ನ ಜಾತಕ ಇದೆಯಲ್ಲ, ಅದು ಸರಿ ಇರ್ಲಿಲ್ಲ."

"ಅಂದ್ರೆ?"

"ನಾನು ಹುಟ್ಟಿದ್ದು ಅದಕ್ಕಿಂತ ಒಂದು ಗಂಟೆ ಮೊದ್ಲು. ಎಲ್ಲ ಕಡೆ ತಪ್ಪಿಹೋಗ್ತಿದೆ ಅಂತ ನಮ್ಮಪ್ಪ ಮುಂದಿನ ನಕ್ಷತ್ರಕ್ಕೆ ತಳ್ಳಿದ್ರು. ಸಾಯೋವಾಗ ನಂಗೆ ಹೇಳಿದ್ರು. ಏನೂ ಆಗಲ್ಲ ಅಂತ ನಾನು ಸುಮ್ನೆ ಹೇಳ್ಲಿಲ್ಲ."

ಶಿವಮೊಗ್ಗ ತಲುಪುವಷ್ಟರಲ್ಲಿ ಬಸ್ಸಿನಲ್ಲೇ ಬೆರಳು ಮಡಿಚಿ ಲೆಕ್ಕ ಹಾಕಿದೆ. ಅವಳ ನಿಜವಾದ ನಕ್ಷತ್ರಕ್ಕೂ ನನ್ನದಕ್ಕೂ ಹನ್ನೆರಡು ಗುಣ. ಗಗನಸಿಂಹ ಮಿಂಚುಮಾಲೆಯರಿಗಿಂತ ಎರಡೂವರೆ ಕಡಿಮೆ. ಮನೆಗೆ ಬಂದವನೇ ಮಿಂಚುಮಾಲೆಯನ್ನು ಮತ್ತೆ ವಿಶಾಖಾ ನಾಲ್ಕನೇ ಪಾದಕ್ಕೆ ಕರೆತಂದು, ಅವಳು ಬಿದ್ದ ಗಳಿಗೆಯನ್ನೇ ಬರೆದಿಟ್ಟೆ. ಹದಿನಾಲ್ಕೂವರೆ ಅವರಿಗೆ ಧಾರಾಳವಾಯಿತು.

ನನ್ನ ಲೆಕ್ಕವೇ ಸರಿಹೋಗದೆ ಉಳಿಯಿತು. ಇಪ್ಪತ್ತೆಂಟು ವರ್ಷ ನಾನು ಮೂವತ್ತು ಗುಣ ಇದೆಯೆಂಬ ಧೈರ್ಯದಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಇದ್ದದ್ದು ಹನ್ನೆರಡು. ಬಾಕಿ ಹದಿನೆಂಟು, ಪಾಸಾಗಲು ಬೇಕಾದ ಅಷ್ಟನ್ನೂ, ಅವಳೊಬ್ಬಳೇ ದಿನಾ ತುಂಬಿಸುತ್ತಿದ್ದಳು. ಈಗ ಕಾಫಿ ಕುಡಿದ ಲೋಟವನ್ನು ನಾನೇ ತೊಳೆದಿಡುತ್ತಿದ್ದೇನೆ. ಅದಕ್ಕೆ ಅರ್ಧ ಗುಣ ಕೊಟ್ಟಿದ್ದಾಳೆ.