ವಾಶಿಗೆ ಹೊರಟ ನರ

ರಮಾಕಾಂತ: ವಾಶಿ! ವಾಶಿಯಲ್ಲೇ ಜುಮ್ ಅಂತು ಮಾರಾಯ್ತಿ!

ಮುಕ್ತಾ: ನಾನಿನ್ನೂ ತಟ್ಟಲೇ ಇಲ್ಲ. ಚಮಚ ನನ್ನ ಕೈಯಲ್ಲೇ ಉಂಟು.

ಕಣ್ಣು ಮುಚ್ಚಿ ಕೂತಿದ್ದ ರಮಾಕಾಂತ ನಾಲಿಗೆ ಕಚ್ಚಿಕೊಂಡ. ಸುಳ್ಳು ಹೇಳಲಿಕ್ಕೂ ಒಂದು ತಾಳ್ಮೆ ಬೇಕು, ಅದು ಆ ಪುಣ್ಯಾತ್ಮನಲ್ಲಿ ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ ಗಾಜು ತಗಲಿ ಅವನ ಮಣಿಕಟ್ಟಿನ ನರ ತುಂಡಾಗಿತ್ತು. ಡಾಕ್ಟರು ಹೊಲಿದು, "ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ತಟ್ಟಿದಾಗ ಎಲ್ಲಿ ಜುಮ್ಮೆನ್ನುತ್ತದೋ ಅಲ್ಲಿಯವರೆಗೆ ಬಂದಿದೆ ಎಂದು ತಿಳಿಯಿರಿ" ಎಂದಿದ್ದರು. ಮುಕ್ತಾ ಬಿಟ್ಟಾಳೆಯೇ? ಗಂಡನ ಅಂಗೈ ಮೇಲೆ ಬಾಲ್‌ಪೆನ್ನಿನಿಂದ ಲೋಕಲ್ ರೈಲಿನ ಲೈನನ್ನೇ ಎಳೆದು ಸ್ಟೇಷನ್ನುಗಳ ಹೆಸರು ಬರೆದಳು. ಮಣಿಕಟ್ಟು ಠಾಣೆ, ಅಂಗೈ ನಡು ರಬಾಳೆ, ತೋರುಬೆರಳಿನ ಬುಡ ಘಣಸೋಲಿ, ತುದಿ ವಾಶಿ. ವಾಶಿ ಬರುವ ತನಕ ಅವನು ತನ್ನದೇ ಹೋಟೆಲಿನ ದೋಸೆ ಕಾವಲಿ ಮುಟ್ಟುವಂತಿಲ್ಲ. ಅಲ್ಲೀಗ ಅವಳ ತಮ್ಮ ಸುದರ್ಶನನ ರಾಜ್ಯ.

ರಮಾಕಾಂತ: ನಿನ್ನ ತಮ್ಮನ ದೋಸೆ ನಡುವಲ್ಲಿ ಹಿಟ್ಟು, ಅಂಚಲ್ಲಿ ಹಪ್ಪಳ! ಗಿರಾಕಿಗಳೆಲ್ಲ ಎದುರಿನ ವಡಾಪಾವ್ ಗಾಡಿಗೆ ಹೋಗ್ತಿದ್ದಾರೆ.

ಮುಕ್ತಾ: ಹೋಗ್ಲಿ. ಮೊನ್ನೆ ಕದ್ದು ಹೋಗಿ ಕಾವಲಿ ಮೇಲೆ ಬೆರಳಿಟ್ಟದ್ದು ಯಾರು? ಹೊಗೆ ಬಂದ್ರೂ "ಯಾವ ದೋಸೆ ಸೀದದ್ದು?" ಅಂತ ಕೇಳಿದ್ದು ಯಾರು?

ರಮಾಕಾಂತ: ಅದು... ಆವತ್ತು ಲೈನ್ ಬಂದ್ ಇತ್ತು.

ಮುಕ್ತಾ: ಸುಮ್ನೆ ನುಗ್ಗೆಸೊಪ್ಪಿನ ಪಲ್ಯ ತಿನ್ನಿ. ಬೇಗ ಬೆಳೀತದೆ.

ರಮಾಕಾಂತ: ನರ ಮಾರಾಯ್ತಿ, ಸೋರೆಬಳ್ಳಿ ಅಲ್ಲ! ಚಪ್ಪರ ಬೇರೆ ಹಾಕ್ತೀಯಾ ಎಂತ?

ಮುಕ್ತಾ: ತಮಾಷೆ ಸಾಕು. ಕೈ ಸುಟ್ಟದ್ದು ನಿಮಗೆ ಗೊತ್ತಾಗ್ಲಿಲ್ಲ, ನನಗೆ ಗೊತ್ತಾಯ್ತು. ನನಗೆ ಹೆದರಿಕೆ ಆಗ್ತದೆ.

ರಮಾಕಾಂತನಿಗೆ ಪಾಪ ಅನಿಸಿತು. ಈ ಸಲ ನಿಜವೇ ಹೇಳುವುದೆಂದು ಕಣ್ಣು ಬಿಗಿಯಾಗಿ ಮುಚ್ಚಿ ಕೈ ಚಾಚಿದ. ಮುಕ್ತಾ ಚಮಚದಲ್ಲಿ ಬೆರಳಿನ ಬುಡಕ್ಕೆ ಟಕ್ಕೆಂದಳು.

ರಮಾಕಾಂತ: ಅಯ್ಯಮ್ಮಾ! ಬಂತು! ಘಣಸೋಲಿ ಬಂತು! ದೇವರಾಣೆ!

ಅವನು ಹಾರಿದ ರಭಸಕ್ಕೆ ಪಲ್ಯದ ತಟ್ಟೆ ನೆಲ ಕಂಡಿತು. ಮುಕ್ತಾಳ ಕಣ್ಣು ತುಂಬಿತು, ಬೈಯುವುದೂ ಮರೆತುಹೋಯಿತು.

ರಮಾಕಾಂತ: ಮತ್ತೆ ವಾಶಿ ಯಾಕೆ? ನಮ್ಮ ಹೋಟೆಲ್ ಇರೋದು ಘಣಸೋಲಿಯಲ್ಲೇ ಅಲ್ವಾ? ನಾನು ಇಲ್ಲೇ ಇಳೀತೇನೆ!

ಲೈನ್ ಎಳೆದವಳು ತಾನೇ. ಮುಕ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಆಮೇಲೆ ಚಮಚವನ್ನೂ ಒರೆಸಿದಳು.

ಮುಕ್ತಾ: ಇಳೀರಿ. ಗಲ್ಲಾದಲ್ಲಿ ಕೂತ್ಕೊಳ್ಳಿ. ಆದ್ರೆ ಕಾವಲಿಗೆ ಕೈ ಹಾಕಿದ್ರೆ ವಿದೌಟ್ ಟಿಕೆಟ್. ಚಮಚ ಹಿಡ್ಕೊಂಡು ಟಿಸಿ ಪಕ್ಕದಲ್ಲೇ ಕೂತಿರ್ತಾಳೆ!